ಸ್ತನ ಇಂಪ್ಲಾಂಟ್: ಯಾವುದು, ಯಾರಿಗೆ, ಮುಂಬೈಗೆ ಎಷ್ಟು ಸಲ ಬರಬೇಕು?

ಮುಂಬೈಯ ಪರೇಲಿನ ಆಸ್ಪತ್ರೆಗಳಿಗೆ ಬರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಭಾಷೆಯ ಸಹಾಯ ಮಾಡುತ್ತಾ ನನಗೆ 14 ವರ್ಷವಾಯಿತು. ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿಯಿಂದ ಬರುತ್ತಾರೆ. ಡೊಂಬಿವಲಿ, ಕುರ್ಲಾ, ಮಾಟುಂಗಾದಲ್ಲೇ ಇರುವ ಕನ್ನಡದವರೂ ಫೋನ್ ಮಾಡುತ್ತಾರೆ. ಕ್ಯಾನ್ಸರ್‌ನಿಂದ ಎದೆ ತೆಗೆದ ಮೇಲೆ, ಅಥವಾ ತೆಗೆಯಬೇಕು ಅಂತ ಡಾಕ್ಟರು ಹೇಳಿದ ಮೇಲೆ, ಎದೆಯ ಆಕಾರ ಬರಲು ಒಳಗೆ ಇಡುವ ಇಂಪ್ಲಾಂಟ್ ಬಗ್ಗೆ ಹೆಚ್ಚಿನವರು ಕೇಳುವುದು ಒಂದೇ ಮಾತು: "ಅಕ್ಕಾವ್ರ, ಅದರಾಗ ಛಲೋದು ಯಾವುದು, ಅಷ್ಟ ಹೇಳಿಬಿಡ್ರಿ."

ಎಲ್ಲರಿಗೂ ಛಲೋ ಅನ್ನಿಸುವಂಥದ್ದು ಒಂದಿಲ್ಲ. ನಿಮಗೆ ಯಾವುದು ಹೊಂದುತ್ತದೆ ಅನ್ನುವುದು ಮೂರು ವಿಷಯದ ಮೇಲೆ ನಿಂತಿದೆ. ನಿಮಗೆ ಕರೆಂಟ್ ಕೊಡುತ್ತಾರೋ ಇಲ್ಲವೋ, ಅಂದರೆ ರೇಡಿಯೇಷನ್. ಎದೆಯ ಮೇಲೆ ಎಷ್ಟು ಚರ್ಮ ಉಳಿಯುತ್ತದೆ, ಅದು ಎಂಥ ಸ್ಥಿತಿಯಲ್ಲಿದೆ. ಮೂರನೆಯದು, ಆಪರೇಷನ್ ಆದ ಮೇಲೆ ಮುಂಬೈಗೆ ಎಷ್ಟು ಸಲ ವಾಪಸ್ ಬರಲು ನಿಮ್ಮಿಂದ ಆಗುತ್ತದೆ. ಈ ಮೂರನೆಯದನ್ನು ಯಾರೂ ಮೊದಲೇ ಕೇಳುವುದಿಲ್ಲ. ತೊಂದರೆಗಳು ಜಾಸ್ತಿ ಹುಟ್ಟುವುದು ಅಲ್ಲೇ.

ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಮನೆಯಲ್ಲೇ ನಿರ್ಧಾರ ಮಾಡಿಬಿಡಬೇಡಿ. ಡಾಕ್ಟರ ಎದುರು ಕೂತಾಗ ಅವರು ಏನು ಹೇಳುತ್ತಿದ್ದಾರೆ, ನೀವು ಏನು ಕೇಳಬೇಕು ಅನ್ನುವುದು ಗೊತ್ತಿರಲಿ ಅಂತ ಬರೆದಿದ್ದೇನೆ.

ಮೊದಲು ಜೊತೆಗೆ ಏನೇನು ಇರಬೇಕು

ಬಯಾಪ್ಸಿ ರಿಪೋರ್ಟ್, ಆಪರೇಷನ್ ಆಗಿದ್ದರೆ ಅದರ ಪೆಥಾಲಜಿ ರಿಪೋರ್ಟ್, ಕೀಮೋ ಮತ್ತು ಕರೆಂಟ್ ಕೊಟ್ಟ ತಾರೀಕುಗಳಿರುವ ಕಾಗದ. ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್. ದಿನಾ ನುಂಗುವ ಮಾತ್ರೆಗಳ ಚೀಟಿ, ಅದರಲ್ಲೂ ರಕ್ತ ತೆಳುವಾಗಲು ಕೊಡುವ ಮಾತ್ರೆ ಇದ್ದರೆ ತಪ್ಪದೆ ತನ್ನಿ. ವಿಮೆ ಪಾಲಿಸಿಯ ಜೆರಾಕ್ಸ್. ಒಂದು ನೋಟ್‌ಬುಕ್. ಜೊತೆಗೆ ಒಬ್ಬರು ಬರಲಿ, ಆದರೆ ನಿಮ್ಮ ಪರವಾಗಿ ತಾವೇ ಮಾತಾಡಿ ಮುಗಿಸುವವರು ಬೇಡ.

ಮುಚ್ಚಿಡಬಾರದ ಒಂದು ವಿಷಯ ಇದೆ. ನಮ್ಮ ಕಡೆ ಎಷ್ಟೋ ಹೆಂಗಸರು ಬೆಳಿಗ್ಗೆ ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆ. "ತಂಬಾಕು ಇದೆಯಾ?" ಅಂತ ಡಾಕ್ಟರು ಕೇಳಿದರೆ "ಇಲ್ರೀ" ಅನ್ನುತ್ತಾರೆ. ಮಿಶ್ರಿ ಅಂದರೂ ಸುಟ್ಟ ತಂಬಾಕಿನ ಪುಡಿಯೇ ಅಲ್ವಾ? ತಂಬಾಕಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಎದೆ ತೆಗೆದ ಮೇಲೆ ಉಳಿಯುವ ಚರ್ಮ ತೆಳ್ಳಗಿರುತ್ತದೆ. ಅದಕ್ಕೆ ರಕ್ತ ಸಾಲದಿದ್ದರೆ ಅಂಚು ಕಪ್ಪಾಗುತ್ತದೆ, ಹೊಲಿಗೆ ಬಿಟ್ಟುಕೊಳ್ಳುತ್ತದೆ. ಕಡೆಗೆ ಇಂಪ್ಲಾಂಟ್ ತೆಗೆಯಬೇಕಾಗಬಹುದು. ಆಪರೇಷನ್‌ಗೆ ಕನಿಷ್ಠ 4 ವಾರ ಮೊದಲು ಬಿಡಿ. ಆಮೇಲೂ ಡಾಕ್ಟರು ಹೇಳುವವರೆಗೆ ಮುಟ್ಟಬೇಡಿ.

ಹಂತ 1: ಇಂಪ್ಲಾಂಟ್ ಬೇಕೇ ಬೇಕಾ?

ಎದೆ ತೆಗೆದ ಮೇಲೆ ದಾರಿ ನಾಲ್ಕು ಇವೆ.

ಹಾಗೆಯೇ ಸಪಾಟಾಗಿ ಬಿಡಬಹುದು. ಎಷ್ಟೋ ಜನ ಹಾಗೇ ನೆಮ್ಮದಿಯಿಂದ ಇದ್ದಾರೆ. ಇದನ್ನು ಆರಿಸಿದವರನ್ನು "ಧೈರ್ಯ ಸಾಲಲಿಲ್ಲ" ಅನ್ನಬೇಡಿ.

ಬ್ರಾ ಒಳಗೆ ಇಟ್ಟುಕೊಳ್ಳುವ ಕೃತಕ ಸ್ತನ ಇನ್ನೊಂದು ದಾರಿ. ಸಿಲಿಕೋನಿನದು ತೂಕವಾಗಿ, ಸಹಜವಾಗಿ ಕೂರುತ್ತದೆ. ಬಟ್ಟೆ, ಹತ್ತಿಯದು ಹಗುರ. ಇದಕ್ಕೆ ಆಪರೇಷನ್ ಬೇಡ, ಬೇಡವೆನಿಸಿದ ದಿನ ತೆಗೆದಿಡಬಹುದು. ಏನು ಮಾಡಬೇಕು ಅಂತ ತೀರ್ಮಾನ ಆಗದವರು ಒಂದು ವರ್ಷ ಇದನ್ನು ಬಳಸಿ ನೋಡಲಿ. ಎದೆ ಕಟ್ಟುವ ಆಪರೇಷನ್ ಕ್ಯಾನ್ಸರ್ ಆಪರೇಷನ್ ದಿನವೇ ಆಗಬೇಕು ಅಂತಿಲ್ಲ. ತಿಂಗಳು, ವರ್ಷ ಕಳೆದ ಮೇಲೂ ಮಾಡಿಸಬಹುದು.

ಮೂರನೆಯದು ನಿಮ್ಮ ಮೈಯದೇ ಮಾಂಸ. ಬೆನ್ನಿನ ಸ್ನಾಯು ಮತ್ತು ಚರ್ಮವನ್ನು ಮುಂದಕ್ಕೆ ತಿರುಗಿಸುತ್ತಾರೆ, ಇಲ್ಲವೇ ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು ತೆಗೆದು ಎದೆಗೆ ಜೋಡಿಸುತ್ತಾರೆ. ಡಾಕ್ಟರ ಬಾಯಲ್ಲಿ ಇದಕ್ಕೆ 'ಫ್ಲ್ಯಾಪ್' ಅನ್ನುತ್ತಾರೆ. ಆಪರೇಷನ್ ದೊಡ್ಡದು. ಹೊಟ್ಟೆಯಿಂದ ತೆಗೆದರೆ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕಾಗುತ್ತದೆ, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ತೆಗೆದ ಜಾಗದಲ್ಲೂ ಗಾಯದ ಗುರುತು ಉಳಿಯುತ್ತದೆ. ಆದರೆ ಅದು ನಿಮ್ಮದೇ ಮಾಂಸ. ನೀವು ದಪ್ಪಗಾದರೆ ಅದೂ ದಪ್ಪಗಾಗುತ್ತದೆ. ಒಡೆಯುವುದಿಲ್ಲ, ಬದಲಿಸಬೇಕಾಗಿಲ್ಲ.

ನಾಲ್ಕನೆಯದು ಇಂಪ್ಲಾಂಟ್. ಎದೆಯ ಆಕಾರ ಬರಲು ಚರ್ಮದ ಒಳಗೆ ಇಡುವ ಮೆತ್ತನೆಯ ಚೀಲ ಇದು. ಹೊರಗಿನ ಪದರ ಸಿಲಿಕೋನ್. ಒಳಗೆ ಉಪ್ಪುನೀರು ಇಲ್ಲವೇ ಸಿಲಿಕೋನ್ ಜೆಲ್. ಆಪರೇಷನ್ ಫ್ಲ್ಯಾಪ್‌ಗಿಂತ ಚಿಕ್ಕದು, ಬೇಗ ಚೇತರಿಸಿಕೊಳ್ಳುತ್ತೀರಿ. ಆದರೆ ಇದು ಜೀವನಪೂರ್ತಿ ಬಾಳುವ ವಸ್ತು ಅಲ್ಲ. ವರ್ಷ ಕಳೆದ ಹಾಗೆ ಮತ್ತೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಹೆಚ್ಚುತ್ತಾ ಹೋಗುತ್ತದೆ. 35ನೇ ವಯಸ್ಸಿನಲ್ಲಿ ಹಾಕಿಸಿಕೊಂಡವರು ಮುಂದೆ ಒಮ್ಮೆಯಾದರೂ ಬದಲಿಸಬೇಕಾಗಬಹುದು ಅಂತ ಈಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಲಿ.

ಹಂತ 2: ಕರೆಂಟ್ ವಿಷಯ ಮೊದಲು ಇತ್ಯರ್ಥ ಮಾಡಿಕೊಳ್ಳಿ

ಜೆಲ್, ಆಕಾರ, ಕಂಪನಿ ಎಲ್ಲಾ ಆಮೇಲೆ. ಮೊದಲು ಹೇಳಬೇಕಾದ್ದು ಅಥವಾ ಕೇಳಬೇಕಾದ್ದು: "ನನಗೆ ರೇಡಿಯೇಷನ್ ಆಗಿದೆ" ಅಥವಾ "ಮುಂದೆ ರೇಡಿಯೇಷನ್ ಕೊಡುವ ಸಾಧ್ಯತೆ ಎಷ್ಟು?"

ಕಾರಣ ಹೇಳುತ್ತೇನೆ. ಯಾವುದೇ ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಒಂದು ತೆಳು ಪೊರೆ ಕಟ್ಟುತ್ತದೆ. ಎಲ್ಲರಿಗೂ ಕಟ್ಟುತ್ತದೆ, ಅದು ಸಹಜ. ಕೆಲವರಿಗೆ ಆ ಪೊರೆ ದಪ್ಪಗಾಗಿ ಬಿಗಿಯುತ್ತಾ ಹೋಗುತ್ತದೆ. ಒದ್ದೆಯಾದ ಚರ್ಮದ ಚಪ್ಪಲಿ ಬಿಸಿಲಲ್ಲಿ ಒಣಗಿ ಸೆಟೆದುಕೊಂಡ ಹಾಗೆ. ಇಂಪ್ಲಾಂಟ್ ಮೆತ್ತಗೇ ಇರುತ್ತದೆ, ಆದರೆ ಅದನ್ನು ಹಿಡಿದ ಪೊರೆ ಕಲ್ಲಾಗುತ್ತದೆ. ಇದಕ್ಕೆ 'ಕ್ಯಾಪ್ಸುಲರ್ ಕಾಂಟ್ರಾಕ್ಚರ್' ಅನ್ನುತ್ತಾರೆ. ಡಾಕ್ಟರು 'ಬೇಕರ್ ಗ್ರೇಡ್' ಅಂತ 1ರಿಂದ 4ರವರೆಗೆ ಅಳೆಯುತ್ತಾರೆ. 1 ಅಂದರೆ ಮೆತ್ತಗಿದೆ. 2ರಲ್ಲಿ ಕೈಗೆ ಸ್ವಲ್ಪ ಗಟ್ಟಿ ಹತ್ತುತ್ತದೆ, ಕಣ್ಣಿಗೆ ಕಾಣದು. 3ರಲ್ಲಿ ಆಕಾರ ಕೆಟ್ಟದ್ದು ಕಣ್ಣಿಗೇ ಕಾಣುತ್ತದೆ. 4ರಲ್ಲಿ ನೋವೂ ಇರುತ್ತದೆ.

ಕರೆಂಟ್ ಕೊಟ್ಟ ಚರ್ಮದಲ್ಲಿ ಈ ತೊಂದರೆ ಸ್ಪಷ್ಟವಾಗಿ ಜಾಸ್ತಿ. ಗಾಯ ಮಾಯುವುದೂ ನಿಧಾನ. ಹಾಗಾಗಿ ಕರೆಂಟ್ ಆದವರಿಗೆ ಎಷ್ಟೋ ಸರ್ಜನ್‌ಗಳು ಮೈಯ ಮಾಂಸವನ್ನೇ ಬಳಸೋಣ ಅನ್ನುತ್ತಾರೆ, ಇಲ್ಲವೇ ಬೆನ್ನಿನ ಮಾಂಸದ ಜೊತೆಗೆ ಇಂಪ್ಲಾಂಟ್ ಇಡುತ್ತಾರೆ. ಕರೆಂಟ್ ಆದವರಿಗೆ ಇಂಪ್ಲಾಂಟ್ ಹಾಕುವುದೇ ಇಲ್ಲ ಅಂತೇನೂ ಅಲ್ಲ. ಆದರೆ ಕ್ಯಾನ್ಸರ್ ಸರ್ಜನ್, ಕರೆಂಟ್ ಕೊಡುವ ಡಾಕ್ಟರ್, ಪ್ಲಾಸ್ಟಿಕ್ ಸರ್ಜನ್ ಮೂವರೂ ಒಂದೇ ಮಾತು ಹೇಳುವವರೆಗೆ ತಾರೀಕು ಹಿಡಿಯಬೇಡಿ. ಎದೆ ಕಟ್ಟುವ ಅವಸರದಲ್ಲಿ ಕೀಮೋ, ಕರೆಂಟ್ ತಡವಾಗಬಾರದು. ಜೀವ ಮೊದಲು.

ಹಂತ 3: ಒಂದೇ ಸಲವಾ, ಎರಡು ಸಲವಾ?

ಚರ್ಮ ಸಾಕಷ್ಟು ಉಳಿದಿದ್ದರೆ ಎದೆ ತೆಗೆದ ದಿನವೇ ಇಂಪ್ಲಾಂಟ್ ಇಡಬಹುದು. ಚರ್ಮ ಸಾಲದಿದ್ದರೆ ಮೊದಲು 'ಎಕ್ಸ್‌ಪ್ಯಾಂಡರ್' ಇಡುತ್ತಾರೆ. ಅಂದರೆ ಚರ್ಮವನ್ನು ನಿಧಾನವಾಗಿ ಹಿಗ್ಗಿಸುವ ಖಾಲಿ ಬಲೂನು. ಗಾಯ ಮಾಗಿದ ಮೇಲೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಓಪಿಡಿಗೆ ಕರೆದು, ಚರ್ಮದ ಮೇಲಿಂದಲೇ ಸೂಜಿ ಚುಚ್ಚಿ ಸ್ವಲ್ಪ ಸ್ವಲ್ಪ ಉಪ್ಪುನೀರು ತುಂಬುತ್ತಾರೆ. ತುಂಬಿದ ದಿನ ಎದೆ ಬಿಗಿದಂತೆ ಆಗುತ್ತದೆ, ಒಂದೆರಡು ದಿನಕ್ಕೆ ಸಡಿಲವಾಗುತ್ತದೆ. ಹೀಗೆ ಕೆಲವು ವಾರ, ಕೆಲವರಿಗೆ ತಿಂಗಳುಗಳು. ಆಮೇಲೆ ಎರಡನೇ ಆಪರೇಷನ್‌ನಲ್ಲಿ ಬಲೂನು ತೆಗೆದು ಇಂಪ್ಲಾಂಟ್ ಇಡುತ್ತಾರೆ.

ಈಗ ಲೆಕ್ಕ ಹಾಕಿ. ನೀವು ಮುಲುಂಡಿನವರಾದರೆ ಲೋಕಲ್ ಹತ್ತಿ ಬಂದು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಕಲಬುರಗಿಯಿಂದ ರೈಲಿನಲ್ಲಿ ಬರುವವರಿಗೆ, ಬೆಳಗಾವಿಯಿಂದ ಚಾಲುಕ್ಯ ಎಕ್ಸ್‌ಪ್ರೆಸ್ ಹಿಡಿದು ದಾದರ್‌ನಲ್ಲಿ ಇಳಿಯುವವರಿಗೆ, ಪ್ರತಿ ಸಲ ಬಲೂನು ತುಂಬಿಸಿಕೊಳ್ಳಲು ಒಂದು ರಾತ್ರಿ ಬರಲು, ಒಂದು ರಾತ್ರಿ ಹೋಗಲು. ಜೊತೆಗೆ ಬರುವವರ ಕೂಲಿ ಹೋಗುತ್ತದೆ. ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಐದು ಸಲ ಬರಬೇಕಿದ್ದವರು ಎರಡು ಸಲ ಬಂದು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಅರ್ಧ ತುಂಬಿದ ಬಲೂನು ಎದೆಯಲ್ಲೇ ಉಳಿದುಹೋಯಿತು.

ಆದ್ದರಿಂದ ಡಾಕ್ಟರಿಗೆ ನೇರವಾಗಿ ಹೇಳಿ: "ನಮ್ಮ ಊರು ದೂರ. ಎಷ್ಟು ಸಲ ಬರಬೇಕು? ಬರಲು ಆಗದಿದ್ದರೆ ಬೇರೆ ದಾರಿ ಏನು?" ಕೆಲವರಿಗೆ ಹುಬ್ಬಳ್ಳಿ, ಬೆಳಗಾವಿಯ ಪ್ಲಾಸ್ಟಿಕ್ ಸರ್ಜನ್ ಹತ್ತಿರ ತುಂಬಿಸಿಕೊಳ್ಳಲು ಪತ್ರ ಬರೆದುಕೊಡುತ್ತಾರೆ. ಪರೇಲ್ ಹತ್ತಿರ ಕೆಲವು ವಾರ ಇರಬೇಕಾದರೆ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಕೇಳಿ. ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಕ್ಯಾನ್ಸರ್ ರೋಗಿಗಳಿಗೆ ಕಡಿಮೆ ಖರ್ಚಿನಲ್ಲಿ ಇರಲು ಜಾಗ ಸಿಗುತ್ತದೆ.

ಎಚ್ಚರ: ಹಲವು ಎಕ್ಸ್‌ಪ್ಯಾಂಡರ್‌ಗಳಲ್ಲಿ ಸೂಜಿ ಚುಚ್ಚುವ ಜಾಗ ಹುಡುಕಲು ಆಯಸ್ಕಾಂತ ಇರುತ್ತದೆ. ಬಲೂನು ಒಳಗಿರುವಾಗ ಯಾರಾದರೂ ಎಂಆರ್‌ಐ ಬರೆದುಕೊಟ್ಟರೆ ಮೊದಲು ಇದನ್ನು ಹೇಳಿ. ಊರಿನಲ್ಲಿ ಸೊಂಟನೋವಿಗೆ ತೆಗೆಸುವ ಎಂಆರ್‌ಐಗೂ ಇದೇ ಮಾತು.

ಹಂತ 4: ಒಳಗೆ ಏನಿರಬೇಕು, ಉಪ್ಪುನೀರಾ ಜೆಲ್ಲಾ?

ಓಪಿಡಿಯಲ್ಲಿ ಮಾದರಿ ಇಂಪ್ಲಾಂಟ್‌ಗಳಿದ್ದರೆ ಕೇಳಿ ಕೈಯಲ್ಲಿ ಹಿಡಿದು ನೋಡಿ. ಸಂಕೋಚ ಬೇಡ. ಉಪ್ಪುನೀರಿನದನ್ನು ಅಂಗೈಯಲ್ಲಿ ಇಟ್ಟು ವಾಲಿಸಿ. ನೀರು ಒಂದು ಕಡೆ ಸರಿದು ಇನ್ನೊಂದು ಕಡೆಯ ಅಂಚಿನಲ್ಲಿ ಸಣ್ಣ ನೆರಿಗೆ ಮೂಡುತ್ತದೆ. ತೆಳು ಚರ್ಮದವರಿಗೆ ಆ ನೆರಿಗೆ ಹೊರಗೂ ಕಾಣಬಹುದು. ಜೆಲ್ ತುಂಬಿದ್ದನ್ನು ಒತ್ತಿದರೆ ಬೆರಳು ಮೆತ್ತಗೆ ಇಳಿಯುತ್ತದೆ, ಬಿಟ್ಟ ಕೂಡಲೇ ಮೊದಲಿನಂತೆ ತುಂಬಿಕೊಳ್ಳುತ್ತದೆ. ಎದೆ ತೆಗೆದವರಿಗೆ ಮೇಲೆ ಮುಚ್ಚಲು ಕೊಬ್ಬು ಕಡಿಮೆ. ಅದಕ್ಕೇ ಅವರಿಗೆ ಜೆಲ್ ಹೆಚ್ಚು ಸಹಜ ಅನ್ನಿಸುತ್ತದೆ. ಇಲ್ಲಿ ಸಾಮಾನ್ಯವಾಗಿ ಸರ್ಜನ್‌ಗಳು ಬಳಸುವುದೂ ಜೆಲ್ಲೇ.

ಉಪ್ಪುನೀರಿನದಕ್ಕೆ ಒಂದು ದೊಡ್ಡ ಗುಣ ಇದೆ. ಒಡೆದರೆ ಕೆಲವೇ ದಿನದಲ್ಲಿ ಎದೆ ಇಳಿದುಹೋಗುತ್ತದೆ. ನಿಮಗೇ ಗೊತ್ತಾಗುತ್ತದೆ. ಸೋರಿದ ನೀರನ್ನು ದೇಹ ಹೀರಿಕೊಳ್ಳುತ್ತದೆ. ಜೆಲ್ ಒಡೆದರೆ ಹೊರಗೆ ಏನೂ ಕಾಣದೇ ಇರಬಹುದು. ಆಕಾರ ಹಾಗೇ, ನೋವಿಲ್ಲ. ಇದಕ್ಕೆ 'ಸದ್ದಿಲ್ಲದ ಒಡಕು' ಅನ್ನಬಹುದು. ಸ್ಕ್ಯಾನ್ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಪ್ರಕಾರ, ಜೆಲ್ ಇಂಪ್ಲಾಂಟ್ ಇದ್ದವರು ತೊಂದರೆ ಇಲ್ಲದಿದ್ದರೂ 5ರಿಂದ 6 ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2ರಿಂದ 3 ವರ್ಷಕ್ಕೊಮ್ಮೆ ಮಾಡಿಸಬೇಕು. ಈ ತಪಾಸಣೆಗೆ ದುಡ್ಡು, ಸಮಯ, ಊರಿನ ಹತ್ತಿರ ಸ್ಕ್ಯಾನ್ ಸೆಂಟರ್ ಇದೆಯಾ? ಮುಂಬೈಗೆ ಎಷ್ಟು ಸಲ ಅನ್ನುವ ಲೆಕ್ಕಕ್ಕೆ ಇದನ್ನೂ ಸೇರಿಸಿ.

'ಕೊಹೆಸಿವ್ ಜೆಲ್', 'ಗಮ್ಮಿ ಬೇರ್' ಅಂತ ಹೇಳಿದರೆ ಗಾಬರಿಯಾಗಬೇಡಿ. ಕೊಹೆಸಿವ್ ಅಂದರೆ ಅಂಟಿಕೊಂಡು ನಿಲ್ಲುವ ಜೆಲ್. ಗಮ್ಮಿ ಬೇರ್ ಅನ್ನುವುದು ಅದರಲ್ಲೇ ಗಟ್ಟಿಯಾದದ್ದರ ಅಡ್ಡಹೆಸರು. ನಮ್ಮೂರ ಮಿಠಾಯಿ ಅಂಗಡಿಯಲ್ಲಿ ಬಾಂಬೆ ಹಲ್ವಾ ಅಂತ ಕೊಡುತ್ತಾರಲ್ಲ, ಚಾಕು ಹಾಕಿದರೂ ಹರಿಯದೆ ತುಂಡು ತುಂಡಾಗಿ ನಿಲ್ಲುತ್ತದಲ್ಲ, ಆ ಥರ. ಜೆಲ್ ಹೆಚ್ಚು ಗಟ್ಟಿಯಿದ್ದಷ್ಟೂ ಆಕಾರ ನಿಲ್ಲುತ್ತದೆ, ಹರಡುವುದು ಕಡಿಮೆ. ಆದರೆ ಮುಟ್ಟಿದರೆ ಸ್ವಲ್ಪ ಗಟ್ಟಿ ಅನ್ನಿಸುತ್ತದೆ.

"ಸಿಲಿಕೋನ್ ಬ್ಯಾನ್ ಆಗಿತ್ತಂತೆ, ಹೌದಾ?" ಅಂತ ಬಹಳ ಜನ ಕೇಳುತ್ತಾರೆ. ಹೌದು, ಅದರ ಕಥೆ ಹೀಗಿದೆ. ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಸುರಕ್ಷತೆಯ ಬಗ್ಗೆ ಸಂಶಯ ಬಂದು 1992ರಲ್ಲಿ ಎಫ್‌ಡಿಎ ಸೌಂದರ್ಯಕ್ಕಾಗಿ ಜೆಲ್ ಹಾಕುವುದನ್ನು ನಿಲ್ಲಿಸಿತು. ಕ್ಯಾನ್ಸರ್ ಆದವರಿಗೆ ಆಗಲೂ ಅಧ್ಯಯನದ ಭಾಗವಾಗಿ ಕೊಡುತ್ತಿದ್ದರು. ವರ್ಷಗಳ ಪರಿಶೀಲನೆಯ ನಂತರ 2006ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಇನ್ನೊಂದು ಘಟನೆ ಫ್ರಾನ್ಸ್‌ನದು. ಪಿಐಪಿ ಅನ್ನುವ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬುತ್ತಿದ್ದುದು 2010ರಲ್ಲಿ ಬಯಲಾಯಿತು. ಅವು ಹಲವು ದೇಶಗಳಿಗೆ ಹೋಗಿದ್ದವು. ಹಾಗಾಗಿ "ಕಡಿಮೆ ರೇಟಿಗೆ ಬೇರೆ ಮಾಲು ಇದೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 5: ಮೇಲ್ಮೈ ನುಣುಪಾ, ಒರಟಾ?

ಇದನ್ನು ಬಹಳ ಜನ ಕೇಳುವುದೇ ಇಲ್ಲ. ನೀವು ಖಂಡಿತ ಕೇಳಬೇಕು.

ಇಂಪ್ಲಾಂಟಿನ ಹೊರಪದರ ಬಲೂನಿನಂತೆ ನುಣುಪಾಗಿರಬಹುದು, ಇಲ್ಲವೇ ಸಣ್ಣ ಮರಳು ಕಾಗದದಂತೆ ಒರಟಾಗಿರಬಹುದು. ಒರಟಾದದ್ದಕ್ಕೆ 'ಟೆಕ್ಸ್ಚರ್ಡ್' ಅನ್ನುತ್ತಾರೆ. ಅದು ಒಳಗೆ ಅಂಟಿಕೊಂಡು ಜಾಗ ಬಿಟ್ಟು ಸರಿಯದು, ಪೊರೆ ಬಿಗಿಯುವುದೂ ಕಡಿಮೆಯಾಗಲಿ ಅಂತ ತಂದರು. ಆಮೇಲೆ ಒಂದು ಅಪಾಯ ಕಂಡಿತು. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಲಿಂಫೋಮಾ. ಲಿಂಫೋಮಾ ಅಂದರೆ ರೋಗ ತಡೆಯುವ ಬಿಳಿ ರಕ್ತಕಣಗಳ ಕ್ಯಾನ್ಸರ್. ಇದು ಸ್ತನ ಕ್ಯಾನ್ಸರ್ ಅಲ್ಲ, ಬೇರೆಯೇ ರೋಗ. ಹೆಸರು 'ಬಿಐಎ-ಎಎಲ್‌ಸಿಎಲ್'. ಎಫ್‌ಡಿಎ ಇದರ ಬಗ್ಗೆ ಮೊದಲು ಎಚ್ಚರಿಸಿದ್ದು 2011ರಲ್ಲಿ. ಒರಟು ಮೇಲ್ಮೈಯವುಗಳಲ್ಲೇ ಇದು ಹೆಚ್ಚು ಅಂತ ಗೊತ್ತಾಯಿತು. 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ 'ಬಯೋಸೆಲ್' ಒರಟು ಇಂಪ್ಲಾಂಟ್‌ಗಳನ್ನು ಜಗತ್ತಿನ ಎಲ್ಲಾ ಕಡೆಯಿಂದ ವಾಪಸ್ ತೆಗೆದುಕೊಂಡಿತು. ಫ್ರಾನ್ಸ್ ಅದೇ ವರ್ಷ ಜಾಸ್ತಿ ಒರಟಾದವುಗಳನ್ನು, ಪಾಲಿಯುರೆಥೇನ್ ಲೇಪ ಇರುವವನ್ನು ನಿಷೇಧಿಸಿತು.

ಈಗಾಗಲೇ ಒರಟು ಇಂಪ್ಲಾಂಟ್ ಹಾಕಿಸಿಕೊಂಡಿದ್ದೀರಾ? ಓದಿ ನಡುಗಬೇಡಿ. ಯಾವ ಲಕ್ಷಣವೂ ಇಲ್ಲದಿದ್ದರೆ ಸುಮ್ನೆ ತೆಗೆಸಿಬಿಡಿ ಅಂತ ಎಫ್‌ಡಿಎ ಕೂಡ ಹೇಳಿಲ್ಲ. ಆದರೆ ಹಾಕಿಸಿ ವರ್ಷಗಳಾದ ಮೇಲೆ ಒಂದು ಎದೆ ಇದ್ದಕ್ಕಿದ್ದ ಹಾಗೆ ಊದಿಕೊಂಡರೆ, ಒಳಗೆ ನೀರು ತುಂಬಿದಂತೆ ಆದರೆ, ಗಡ್ಡೆ ಸಿಕ್ಕರೆ, ಅದನ್ನು ಉಳುಕು ಅಂತ ಎಣ್ಣೆ ತಿಕ್ಕಿ ಬಿಡಬೇಡಿ. ಆ ನೀರನ್ನು ಸೂಜಿಯಿಂದ ತೆಗೆದು 'ಸಿಡಿ-30' ಅನ್ನುವ ಪರೀಕ್ಷೆಗೆ ಕಳಿಸಬೇಕು. ಬೇಗ ಸಿಕ್ಕರೆ ಹೆಚ್ಚಿನವರಿಗೆ ಇಂಪ್ಲಾಂಟ್ ಮತ್ತು ಪೂರ್ತಿ ಪೊರೆ ತೆಗೆದರೆ ಗುಣವಾಗುತ್ತದೆ.

ಆಕಾರದ ಪ್ರಶ್ನೆಗೂ ಮೇಲ್ಮೈಗೂ ನಂಟಿದೆ. ದುಂಡಗಿನದು ಒಳಗೆ ತಿರುಗಿದರೂ ದುಂಡಗೇ ಕಾಣುತ್ತದೆ. ಹನಿಯ ಆಕಾರದ್ದು, ಅಂದರೆ ಮೇಲೆ ಸಪೂರ ಕೆಳಗೆ ತುಂಬಿಕೊಂಡದ್ದು, ನಡುವಯಸ್ಸಿನ ಎದೆಗೆ ಹೆಚ್ಚು ಹೋಲುತ್ತದೆ. ಆದರೆ ಅದು ತಿರುಗಿದರೆ ಆಕಾರ ಕೆಡುತ್ತದೆ. ತಿರುಗದಿರಲಿ ಅಂತ ಹನಿ ಆಕಾರದವನ್ನು ಸಾಮಾನ್ಯವಾಗಿ ಒರಟು ಮೇಲ್ಮೈಯಲ್ಲೇ ಮಾಡುತ್ತಾರೆ. "ಹನಿ ಆಕಾರದ್ದು ಹಾಕೋಣ" ಅಂತ ಡಾಕ್ಟರು ಹೇಳಿದರೆ ಮುಂದಿನ ಪ್ರಶ್ನೆ ನಿಮ್ಮದು: "ಅದರ ಮೇಲ್ಮೈ ಎಂಥದ್ದು? ನನಗೆ ನುಣುಪಾದ ದುಂಡಗಿನದು ಯಾಕೆ ಆಗುವುದಿಲ್ಲ?" ಅದಕ್ಕೆ ನಿಮಗೆ ತಿಳಿಯುವ ಹಾಗೆ ಉತ್ತರ ಬರಬೇಕು.

ನನ್ನನ್ನು ಕೇಳಿದರೆ, ಊರು ದೂರ ಇದ್ದು ಪದೇ ಪದೇ ತೋರಿಸಲು ಆಗದವರು ಈ ಪ್ರಶ್ನೆಯ ಮೇಲೆ ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತು ಕೂರಬೇಕು.

ಹಂತ 6: ಎಷ್ಟು ದೊಡ್ಡದು?

ಇಂಪ್ಲಾಂಟಿನ ಅಳತೆ 'ಸಿಸಿ'ಯಲ್ಲಿ. 1 ಸಿಸಿ ಅಂದರೆ 1 ಎಂಎಲ್. ಬ್ರಾ ಅಂಗಡಿಯ 34, 36ಕ್ಕೂ ಇದಕ್ಕೂ ನೇರ ಲೆಕ್ಕ ಇಲ್ಲ. ತೆಳ್ಳಗಿನ, ಕಿರಿದಾದ ಎದೆಗೆ 250 ಸಿಸಿ ದೊಡ್ಡದಾಗಿ ಕಾಣುತ್ತದೆ. ಅಗಲ ಎದೆಯವರಿಗೆ ಅದೇ 250 ಕಾಣುವುದೇ ಇಲ್ಲ. ಗೆಳತಿಗೆ ಹಾಕಿದ ಸಿಸಿ ಕೇಳಿಕೊಂಡು ಬರಬೇಡಿ.

ಡಾಕ್ಟರು ಮೊದಲು ಟೇಪ್ ಹಿಡಿದು ಎದೆಯ ಬುಡದ ಅಗಲ ಅಳೆಯುತ್ತಾರೆ. ಇಂಪ್ಲಾಂಟ್ ಅದಕ್ಕಿಂತ ಅಗಲ ಇದ್ದರೆ ಕಂಕುಳ ಕಡೆಗೆ ತಳ್ಳುತ್ತದೆ, ಕೈ ಇಳಿಬಿಟ್ಟರೆ ಒತ್ತುತ್ತದೆ. 'ಪ್ರೊಫೈಲ್' ಅಂದರೆ ಮುಂದಕ್ಕೆ ಎಷ್ಟು ಉಬ್ಬುತ್ತದೆ ಅನ್ನುವುದು. ಒಂದೇ ಅಗಲದಲ್ಲಿ ಕಡಿಮೆ ಉಬ್ಬಿನದೂ ಸಿಗುತ್ತದೆ, ಜಾಸ್ತಿ ಉಬ್ಬಿನದೂ ಸಿಗುತ್ತದೆ. ಒಂದೇ ಬದಿ ತೆಗೆದಿದ್ದರೆ ಇನ್ನೊಂದು ಎದೆಗೆ ಹೊಂದುವುದು ಮುಖ್ಯ. ಎರಡೂ ಒಂದೇ ಥರ ಕಾಣಲಿ ಅಂತ ಕೆಲವರಿಗೆ ಒಳ್ಳೆಯ ಬದಿಯ ಎದೆಯನ್ನೂ ಸ್ವಲ್ಪ ಎತ್ತಿ ಕಟ್ಟುತ್ತಾರೆ. ಅದೊಂದು ಬೇರೆ ಆಪರೇಷನ್. ಖರ್ಚು ಸೇರಿದೆಯಾ ಕೇಳಿ.

ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಹಳೆಯ ತೆಳು ಸಾಕ್ಸ್ ತೆಗೆದುಕೊಳ್ಳಿ. ಅಳತೆ ಲೋಟದಲ್ಲಿ 250 ಎಂಎಲ್ ಗುರುತಿನವರೆಗೆ ಸೋನಾ ಮಸೂರಿ ಅಕ್ಕಿ ತುಂಬಿ ಸಾಕ್ಸಿಗೆ ಸುರಿಯಿರಿ. ಬಾಯಿ ಸಡಿಲವಾಗಿ ಗಂಟು ಹಾಕಿ, ಅಕ್ಕಿ ಹರಡಿ ಚಪ್ಪಟೆಯಾಗುವಷ್ಟು ಜಾಗ ಬಿಡಿ. ಮೆತ್ತನೆ ಬ್ರಾ ಒಳಗೆ ಇಟ್ಟು ಮೇಲೆ ಬ್ಲೌಸ್ ಹಾಕಿ. ಅರ್ಧ ದಿನ ಹಾಗೇ ಇರಿ. ರೊಟ್ಟಿ ಬಡಿಯಿರಿ, ಬಗ್ಗಿ ಕಸ ಗುಡಿಸಿ, ಮೆಟ್ಟಿಲು ಹತ್ತಿ. ಮರುದಿನ 50 ಎಂಎಲ್ ಹೆಚ್ಚು ಮಾಡಿ, ಇಲ್ಲವೇ ಕಡಿಮೆ ಮಾಡಿ ನೋಡಿ. ತೂಕ ಹೆಗಲಿಗೆ ಎಷ್ಟು ಬೀಳುತ್ತದೆ, ಕನ್ನಡಿಯಲ್ಲಿ ನಿಮಗೆ ಏನು ಅನ್ನಿಸುತ್ತದೆ, ಬರೆದಿಡಿ. ಒಳಗೆ ಇಟ್ಟಾಗ ಇದೇ ರೀತಿ ಕಾಣುವುದಿಲ್ಲ, ಇದು ಅಂದಾಜು ಮಾತ್ರ. ಆದರೆ "ನನಗೆ 300 ಭಾರ ಅನ್ನಿಸಿತು" ಅಂತ ಡಾಕ್ಟರಿಗೆ ಹೇಳಲು ಒಂದು ಮಾತು ಸಿಗುತ್ತದೆ.

ದೊಡ್ಡದರ ಕಡೆಗೆ ಮನಸ್ಸು ಎಳೆದರೆ ಒಂದು ಕ್ಷಣ ತಡೆಯಿರಿ. ತೂಕ ಹೆಚ್ಚಾದಷ್ಟೂ ಚರ್ಮ ಜಗ್ಗುತ್ತದೆ, ತೆಳುವಾಗುತ್ತದೆ. ಕ್ಯಾನ್ಸರ್ ಆಪರೇಷನ್ ಆದ ಚರ್ಮಕ್ಕೆ ಆ ತಾಳಿಕೆ ಕಡಿಮೆ.

ಹಂತ 7: ಎಲ್ಲಿ ಇಡುತ್ತಾರೆ?

ಎದೆಯ ಸ್ನಾಯುವಿನ ಕೆಳಗೆ, ಇಲ್ಲವೇ ಮೇಲೆ. ಕೆಳಗೆ ಇಟ್ಟರೆ ಅಂಚು ಕಾಣುವುದಿಲ್ಲ, ಆದರೆ ಮೊದಲ ದಿನಗಳಲ್ಲಿ ನೋವು ಜಾಸ್ತಿ, ಕೈ ಬಿಗಿದಾಗ ಇಂಪ್ಲಾಂಟ್ ಅಲುಗಿದಂತೆ ಕಾಣಬಹುದು. ಮೇಲೆ ಇಟ್ಟರೆ ಆ ಕಾಟ ಇಲ್ಲ, ಆದರೆ ಚರ್ಮ ದಪ್ಪಗಿರಬೇಕು. ಸ್ನಾಯುವಿನ ಮೇಲೆ ಇಡುವಾಗ ಆಸರೆಗೆ ಜಾಲರಿ ಅಥವಾ ಸಂಸ್ಕರಿಸಿದ ಚರ್ಮದ ಹಾಳೆ ಹೊದಿಸುವುದುಂಟು. ಆ ಚರ್ಮದ ಹಾಳೆಗೆ 'ಎಡಿಎಂ' ಅನ್ನುತ್ತಾರೆ. ದುಬಾರಿ. ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರುತ್ತದೆ, ಮೊದಲೇ ಕೇಳಿಕೊಳ್ಳಿ. ಉಳಿದದ್ದನ್ನು ಸರ್ಜನ್‌ಗೆ ಬಿಡಿ.

ಹಂತ 8: ಸರ್ಜನ್, ಬಿಲ್ಲು, ವಿಮೆ

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರಾ ನೋಡಿ. 'ಕಾಸ್ಮೆಟಿಕ್ ಎಕ್ಸ್‌ಪರ್ಟ್' ಅನ್ನುವ ಬೋರ್ಡ್ ಪದವಿ ಅಲ್ಲ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಅವರ ಚೀಟಿಯ ಮೇಲೆ ಇರುತ್ತದೆ. ಈ ಆಪರೇಷನ್ ಅವರು ಎಷ್ಟು ಸಲ ಮಾಡಿದ್ದಾರೆ ಅಂತ ಕೇಳುವುದು ಅವಮಾನ ಅಲ್ಲ. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ.

ಹಿಂದಿ, ಮರಾಠಿ ಪೂರ್ತಿ ಬಾರದಿದ್ದರೆ ಸುಮ್ನೆ ತಲೆ ಆಡಿಸಬೇಡಿ. ಪರೇಲಿನ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ನರ್ಸ್, ವಾರ್ಡ್ ಸಿಬ್ಬಂದಿ ಸಿಗುತ್ತಾರೆ, ಕೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ.

ವಿಮೆಯ ಬಗ್ಗೆ ಏಜೆಂಟರು "ಪ್ಲಾಸ್ಟಿಕ್ ಸರ್ಜರಿ ಬರುವುದಿಲ್ಲ" ಅಂದುಬಿಡುತ್ತಾರೆ. ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಆ ಸಾಲನ್ನು ನೀವೇ ಪೂರ್ತಿ ಓದಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಗೊತ್ತುಮಾಡಿದ ವಾಕ್ಯದಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಗೆ ವಿನಾಯಿತಿ ಇದೆ. ಎಕ್ಸ್‌ಕ್ಲೂಷನ್ ಕೋಡ್ 08. ಡಾಕ್ಟರ ಪತ್ರದಲ್ಲಿ 'ಕ್ಯಾನ್ಸರ್ ನಂತರದ ಪುನರ್‌ರಚನೆ' ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಇಂಪ್ಲಾಂಟಿನ ಬೆಲೆಗೆ ಮಿತಿ ಇದೆಯಾ ಅಂತ ಲಿಖಿತವಾಗಿ ಕೇಳಿ.

ಕ್ಯಾನ್ಸರ್ ಇಲ್ಲದೆ ಸ್ವಂತ ಇಷ್ಟಕ್ಕೆ ಮಾಡಿಸಿಕೊಳ್ಳುವವರಿಗೆ ವಿಮೆ ಸಿಗುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಉಪ್ಪುನೀರಿನದಾದರೆ 18, ಜೆಲ್ ಆದರೆ 22 ವರ್ಷ ತುಂಬಿರಬೇಕು ಅಂತ ನಿಯಮ. ಗರ್ಭಿಣಿಯರು, ಎದೆಹಾಲು ಕೊಡುತ್ತಿರುವವರು ಕಾಯಬೇಕು. ಗಂಡ ಅಥವಾ ಮನೆಯವರು ಒತ್ತಾಯ ಮಾಡುತ್ತಿದ್ದರೆ, ಡಾಕ್ಟರ ಹತ್ತಿರ ಐದು ನಿಮಿಷ ಒಬ್ಬರೇ ಮಾತಾಡಬೇಕು ಅನ್ನಿ. ಅದು ನಿಮ್ಮ ಹಕ್ಕು.

ಹಂತ 9: ಆಪರೇಷನ್ ದಿನದ ಸ್ಟಿಕ್ಕರ್

ಪ್ರತಿ ಇಂಪ್ಲಾಂಟಿನ ಡಬ್ಬಿಯಲ್ಲಿ ಕಿತ್ತು ಅಂಟಿಸುವ ಸಣ್ಣ ಸ್ಟಿಕ್ಕರ್‌ಗಳು ಬರುತ್ತವೆ. ಅದರಲ್ಲಿ ಕಂಪನಿ, ಮಾದರಿ, ಸಿಸಿ, ಲಾಟ್ ಸಂಖ್ಯೆ, ಸೀರಿಯಲ್ ಸಂಖ್ಯೆ ಇರುತ್ತವೆ. ಒಂದು ಆಸ್ಪತ್ರೆಯ ಫೈಲಿಗೆ, ಒಂದು ನಿಮ್ಮ ಕಾರ್ಡಿಗೆ. ಕಾರ್ಡ್ ಕೈಗೆ ಬರದೆ ಡಿಸ್ಚಾರ್ಜ್ ತೆಗೆದುಕೊಳ್ಳಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗೆ ಕಳಿಸಿ. ಡಬ್ಬಿಯ ಮೇಲೆ ಭಾರತದ ಆಮದು ಲೈಸೆನ್ಸ್ ಸಂಖ್ಯೆ, ಆಮದುದಾರರ ಹೆಸರು ಇದೆಯಾ ಅಂತಲೂ ಮೊದಲೇ ಕೇಳಿರಿ.

2019ರಲ್ಲಿ ಬಯೋಸೆಲ್ ಸುದ್ದಿ ಬಂದಾಗ ವಿಜಯಪುರ ಕಡೆಯ ಒಬ್ಬರು ಫೋನ್ ಮಾಡಿದರು. ಬೇರೊಂದು ಊರಿನ ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡಿದ್ದರು. "ನಂದು ಅದೇ ಏನ್ರಿ?" ಅಂದರು. ಕಾರ್ಡ್ ಕೊಟ್ಟಿರಲಿಲ್ಲ. ಬಿಲ್ಲಿನಲ್ಲಿ 'ಇಂಪ್ಲಾಂಟ್ 1' ಅಂತ ಮಾತ್ರ ಇತ್ತು.

ಹಂತ 10: ಮನೆಗೆ ಹೋದ ಮೇಲೆ

ಮೈಯಿಂದ ನೀರು ಇಳಿಯಲು ಹಾಕಿದ ಡ್ರೇನ್ ಬಾಟಲಿ ಇದ್ದರೆ, ದಿನಾ ಎಷ್ಟು ಎಂಎಲ್ ಅಂತ ಬರೆಯಿರಿ. ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿಯಿರಿ. ಬ್ಯಾಗ್ ನೀವು ಎತ್ತಬೇಡಿ. ಕೊಡ, ಸಿಲಿಂಡರ್, ಮಗು ಎತ್ತುವುದು ಡಾಕ್ಟರು ಹೇಳುವವರೆಗೆ ಬೇಡ. ಕಂಕುಳ ಗಂಟು ತೆಗೆದ ಬದಿಯ ಕೈಗೆ ಹೇಳಿಕೊಟ್ಟ ವ್ಯಾಯಾಮ ಮಾತ್ರ ಬಿಡಬೇಡಿ.

ಕೂಡಲೇ ಫೋನ್ ಮಾಡಬೇಕಾದ ಲಕ್ಷಣಗಳು: ಜ್ವರ, ಎದೆ ಕೆಂಪಾಗಿ ಬಿಸಿಯಾಗುವುದು, ಗಾಯದಿಂದ ಕೀವು, ಚರ್ಮ ಕಪ್ಪಾಗುವುದು, ಒಂದೇ ಬದಿ ಇದ್ದಕ್ಕಿದ್ದಂತೆ ಊದುವುದು. ಊರಿನಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡು ವಾರ ಕಾಯಬೇಡಿ. ಒಳಗೆ ಸೋಂಕು ಕೂತರೆ ಇಂಪ್ಲಾಂಟ್ ಉಳಿಸುವುದು ಕಷ್ಟ. ಉಸಿರು ಕಟ್ಟಿದರೆ, ಮೀನಖಂಡ ಊದಿ ನೋವಾದರೆ ಮುಂಬೈ ಕಡೆ ನೋಡಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಕೆಲವರು ಇಂಪ್ಲಾಂಟ್ ಹಾಕಿಸಿದ ಮೇಲೆ ಸುಸ್ತು, ಕೀಲುನೋವು, ಮರೆವು ಅಂತ ಹೇಳುತ್ತಾರೆ. ಪರೀಕ್ಷೆಯಲ್ಲಿ ಏನೂ ಸಿಗದೇ ಇರಬಹುದು. 2021ರಿಂದ ಎಫ್‌ಡಿಎ ಇದನ್ನೂ ರೋಗಿಗಳಿಗೆ ಮೊದಲೇ ತಿಳಿಸಬೇಕು ಅನ್ನುತ್ತಿದೆ. ನಿಮಗೆ ಹಾಗಾದರೆ "ಮನಸ್ಸಿನ ಕಲ್ಪನೆ" ಅಂತ ಯಾರಾದರೂ ತಳ್ಳಿಹಾಕಿದರೂ ಬಿಡದೆ ಹೇಳಿ.

"ಹತ್ತು ವರ್ಷಕ್ಕೆ ಬದಲಿಸಲೇಬೇಕು" ಅನ್ನುವ ಮಾತು ಸರಿಯಲ್ಲ. ತೊಂದರೆ ಇಲ್ಲದಿದ್ದರೆ ಗಡುವಿಗಾಗಿ ಬದಲಿಸಬೇಕಾಗಿಲ್ಲ, ತಪಾಸಣೆ ಮಾತ್ರ ತಪ್ಪಬಾರದು. ಇನ್ನೊಂದು ಎದೆಯ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ನಿಲ್ಲಿಸಬೇಡಿ. ಆ ಬದಿಯಲ್ಲೂ ಇಂಪ್ಲಾಂಟ್ ಇದ್ದರೆ ಮಶೀನಿನ ಹತ್ತಿರ ಹೋಗುವ ಮೊದಲೇ ತಂತ್ರಜ್ಞರಿಗೆ ಹೇಳಿ. ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ಹೆಚ್ಚುವರಿ ಚಿತ್ರ ತೆಗೆಯಬೇಕಾಗುತ್ತದೆ.

ಕಾರ್ಡ್ ಕಳೆದುಕೊಂಡವರು ಇಂದೇ ಒಂದು ಕೆಲಸ ಮಾಡಿ. ಆಪರೇಷನ್ ಆದ ತಾರೀಕು, ಫೈಲ್ ನಂಬರ್, ಸರ್ಜನ್ ಹೆಸರು ಬರೆದುಕೊಂಡು ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಡಿ. 'ಆಪರೇಷನ್ ನೋಟ್ಸ್ ಮತ್ತು ಇಂಪ್ಲಾಂಟ್ ಸ್ಟಿಕ್ಕರ್ ಪುಟದ ಪ್ರತಿ ಬೇಕು' ಅಂತ ಅದರಲ್ಲಿ ಬರೆಯಿರಿ. ಅರ್ಜಿಯ ಒಂದು ಪ್ರತಿಗೆ ಅವರ ಸೀಲು ಹಾಕಿಸಿ ಇಟ್ಟುಕೊಳ್ಳಿ.